ಆ ಹೆಲಿಕ್ಸ್ ಅಳಿಸಿದ ಮೇಡಂಗೆ, ಮತ್ತೆ ಉಳಿದವರಿಗೆ

ನಮ್ಮ ಪ್ರೋಟೀನಿನ ರಚನೆ ಕೊನೆಗೂ ಪಿಡಿಬಿಗೆ, ಅಂದರೆ ಪ್ರೋಟೀನ್ ರಚನೆಗಳ ಜಾಗತಿಕ ಭಂಡಾರಕ್ಕೆ, ಸೇರಿತು. ನಾಲ್ಕಕ್ಷರದ ಐಡಿ ನೋಡಿ ಸುಮ್ನೆ ಕೂತುಬಿಟ್ಟೆ. ಹತ್ತು ತಿಂಗಳು ಎಂಆರ್‌ನಲ್ಲಿ, ಅಂದರೆ ಮಾಲಿಕ್ಯುಲರ್ ರಿಪ್ಲೇಸ್‌ಮೆಂಟ್‌ನಲ್ಲಿ, ಸಿಕ್ಕಿಹಾಕಿಕೊಂಡಿದ್ದವಳು ನಾನು.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಹರಳಿನ ಮೇಲೆ ಎಕ್ಸ್-ರೇ ಬಿಟ್ಟರೆ ಚುಕ್ಕೆಗಳ ಹೊಳಪು ಸಿಗುತ್ತದೆ, ಫೇಸ್, ಅಂದರೆ ಆ ಅಲೆಗಳ ಏರಿಳಿತ ಎಲ್ಲಿಂದ ಶುರು ಅನ್ನುವ ಲೆಕ್ಕ, ಸಿಗುವುದಿಲ್ಲ. ಫೇಸ್ ಇಲ್ಲದೆ ಮ್ಯಾಪ್ ಇಲ್ಲ, ಅಂದರೆ ಹರಳಿನೊಳಗೆ ಎಲೆಕ್ಟ್ರಾನ್‌ಗಳು ಎಲ್ಲಿ ಎಷ್ಟು ದಟ್ಟ (ಡೆನ್ಸಿಟಿ) ಅಂತ ತೋರಿಸುವ ನಕ್ಷೆ ಇಲ್ಲ. ಅದಕ್ಕೆ ನಮ್ಮದನ್ನು ಹೋಲುವ ಮಾಡೆಲ್ ಒಂದನ್ನು ತಂದು, ತಿರುಗಿಸಿ, ಸರಿಸಿ, ಹರಳಿನೊಳಗೆ ಸರಿಯಾದ ಜಾಗದಲ್ಲಿ ಕೂರಿಸಿ, ಅದರಿಂದ ಫೇಸ್ ಸಾಲ ಪಡೆಯುತ್ತೇವೆ. ಅಪಾಯ ಇರುವುದೂ ಈ ಸಾಲದಲ್ಲೇ. ಮಾಡೆಲ್ ತಪ್ಪು ಜಾಗದಲ್ಲಿ ಕೂತರೂ ಮ್ಯಾಪ್ ಅದರ ಹಾಗೇ ಕಾಣುತ್ತದೆ.

ನಾನು ಬಿದ್ದದ್ದೂ ಅಲ್ಲೇ. 2.6 ಆಂಗ್‌ಸ್ಟ್ರಾಮ್ ವಿವರದ ಡೇಟಾ, ಆಲ್ಫಾಫೋಲ್ಡ್ (ಪ್ರೋಟೀನಿನ ಆಕಾರ ಊಹಿಸುವ ಎಐ) ಮಾಡೆಲ್, ಜಾಗ ಹುಡುಕುವ ಪ್ರೋಗ್ರಾಂ ಫೇಸರ್ ಕೊಟ್ಟ ಟಿಎಫ್‌ಝಡ್ ಅಂಕ 5.6. ಎಂಟು ದಾಟಿದರೆ ಮಾತ್ರ ನಂಬು ಅಂತಾರೆ. ನಾನು ನಂಬಿಬಿಟ್ಟೆ. ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತಿಲ್ಲ ಅಂತ ಹೇಳುವ ಆರ್-ಫ್ರೀ 0.50ರಿಂದ ಕದಲಲಿಲ್ಲ. ಆದರೂ ಮ್ಯಾಪ್ ಎಷ್ಟು ಚೆನ್ನಾಗಿತ್ತು ಅಂದರೆ ಲ್ಯಾಬಿನವರನ್ನೆಲ್ಲ ಕರೆದು ತೋರಿಸಿದ್ದೆ!

ಮೇಡಂ ಬಂದು ನನ್ನ ಪಕ್ಕ ಕೂತರು. ಏನೂ ಹೇಳಲಿಲ್ಲ. ಮಾಡೆಲ್ ಕಟ್ಟುವ ಪ್ರೋಗ್ರಾಂ ಕೂಟ್‌ನಲ್ಲಿ ಇಪ್ಪತ್ತು ರೆಸಿಡ್ಯೂ (ಅಮೈನೋ ಆಮ್ಲ) ಉದ್ದದ ಒಂದು ಹೆಲಿಕ್ಸ್, ಅಂದರೆ ಸುರುಳಿ, ಆರಿಸಿ ಅಳಿಸಿದರು. ರಿಫೈನ್ ಮಾಡಿ, ಅಂದರೆ ಉಳಿದದ್ದನ್ನು ಡೇಟಾಗೆ ಹೊಂದಿಸಿ, ಮ್ಯಾಪ್ ಮತ್ತೆ ತೆರೆದರು. ಹೆಲಿಕ್ಸ್ ಇದ್ದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಚೂರು, ಅಷ್ಟೇ. ಅಲ್ಲಿ ನಿಜವಾಗಿ ಹೆಲಿಕ್ಸ್ ಇದ್ದಿದ್ದರೆ ಅಳಿಸಿದರೂ ಅದರ ಡೆನ್ಸಿಟಿ ಮರಳಿ ಬರಬೇಕಿತ್ತು. ಆ ದಿನ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಪಕ್ಕದ ಲ್ಯಾಬಿನ ಅಣ್ಣನಿಗೆ ಇನ್ನೊಂದು ದೊಡ್ಡ ಥ್ಯಾಂಕ್ಸ್. ಆಲ್ಫಾಫೋಲ್ಡ್‌ನ ಪಿಎಇ ಚಿತ್ರ (ಭಾಗಗಳು ಒಂದಕ್ಕೊಂದು ಎಲ್ಲಿವೆ ಅನ್ನುವುದರಲ್ಲಿ ಎಷ್ಟು ತಪ್ಪಿರಬಹುದು ಅಂತ ತೋರಿಸುವುದು) ಕೇಳಿದವರು ಅವರೊಬ್ಬರೇ. ಎರಡು ಕಡು ಹಸಿರು ಚೌಕ, ಉಳಿದದ್ದೆಲ್ಲ ಮಾಸಲು. ಅಂದರೆ ಎರಡು ಡೊಮೇನ್‌ಗಳ (ಪ್ರೋಟೀನಿನ ಬಿಡಿ ಭಾಗಗಳ) ಒಳಗಿನ ಆಕಾರ ಗಟ್ಟಿ, ಒಂದಕ್ಕೊಂದು ಯಾವ ಕೋನದಲ್ಲಿವೆ ಅನ್ನುವುದು ಬರೀ ಊಹೆ. ನಾನು ಇಡಿಯಾಗಿ ಹುಡುಕುತ್ತಿದ್ದೆ. ಇನ್ನೂ ಒಂದು ಎಡವಟ್ಟು ಅವರ ಕಣ್ಣಿಗೆ ಬಿತ್ತು. ಮಾಡೆಲ್‌ನ ಬಿ-ಫ್ಯಾಕ್ಟರ್ ಕಾಲಂನಲ್ಲಿ ಆಲ್ಫಾಫೋಲ್ಡ್‌ನ ಪಿಎಲ್‌ಡಿಡಿಟಿ ಅಂಕಗಳನ್ನು ಹಾಗೇ ಬಿಟ್ಟಿದ್ದೆ. ಅಲ್ಲಿ ಜಾಸ್ತಿ ಅಂಕ ಅಂದರೆ ನಂಬಿಕೆ ಜಾಸ್ತಿ; ಬಿ-ಫ್ಯಾಕ್ಟರ್ ಜಾಸ್ತಿ ಅಂದರೆ ಅಲುಗಾಟ ಜಾಸ್ತಿ. ಒಳ್ಳೆಯ ಭಾಗವನ್ನೇ ಲೆಕ್ಕಕ್ಕಿಡಬೇಡ ಅಂತ ಪ್ರೋಗ್ರಾಂಗೆ ನಾನೇ ಹೇಳಿಕೊಟ್ಟಂತಾಗಿತ್ತು!

ಅಂಕಗಳನ್ನು ಪರಿವರ್ತಿಸಿ, 70ಕ್ಕಿಂತ ಕಡಿಮೆಯಿದ್ದ ತುದಿಗಳನ್ನು ಕತ್ತರಿಸಿ, ಡೊಮೇನ್‌ಗಳನ್ನು ಬೇರೆ ಮಾಡಿದೆವು. ಸ್ಪೇಸ್ ಗ್ರೂಪ್ (ಹರಳಿನೊಳಗೆ ಅಣುಗಳು ಜೋಡಿಸಿಕೊಂಡಿರುವ ಸಮಮಿತಿ) ವಿಷಯದಲ್ಲೂ ನಾನು ಪಿ41212 ಒಂದನ್ನೇ ಹಿಡಿದು ಕೂತಿದ್ದೆ. ಅದರ ಕನ್ನಡಿ ಜೋಡಿ ಪಿ43212ರಲ್ಲೂ ಮಾಯವಾಗುವ ಚುಕ್ಕೆಗಳು ಅವೇ, ಹಾಗಾಗಿ ಡೇಟಾ ನೋಡಿ ಬೇರ್ಪಡಿಸಲು ಆಗುವುದಿಲ್ಲ. ಎರಡರಲ್ಲೂ ಹುಡುಕಿಸಬೇಕು. ಆ ರಾತ್ರಿ ಇವೆರಡೂ ಸೇರಿ ಇದೇ ಕುಟುಂಬದ ಎಂಟೂ ಸ್ಪೇಸ್ ಗ್ರೂಪ್‌ಗಳಲ್ಲಿ ಓಡಲು ಬಿಟ್ಟು ಹೋದೆ. ಬೆಳಿಗ್ಗೆ ಪಿ43212ರಲ್ಲಿ ಟಿಎಫ್‌ಝಡ್ 17.

ಹರಳು ಬೆಳೆಸಿಕೊಟ್ಟ ಗೆಳತಿ, ಎಕ್ಸ್-ರೇ ಬಿಡುವ ಬೀಮ್‌ಲೈನ್‌ನಲ್ಲಿ ನನ್ನ ಜೊತೆ ರಾತ್ರಿಯಿಡೀ ಎದ್ದಿದ್ದ ಜೂನಿಯರ್‌ಗಳು, ನಿಮ್ಮನ್ನು ಮರೆತಿಲ್ಲ. ನಾಲ್ಕು ಸಿಸ್ಟೀನ್‌ಗಳ ನಡುವೆ ಝಿಂಕ್‌ನ ಹಸಿರು ಗುಡ್ಡೆಯನ್ನು (ಮಾಡೆಲ್‌ನಲ್ಲಿ ಇಲ್ಲದ್ದು ಡೇಟಾದಲ್ಲಿದ್ದರೆ ಮ್ಯಾಪ್‌ನಲ್ಲಿ ಹಸಿರಾಗಿ ಕಾಣುತ್ತದೆ) ಮೊದಲು ನೋಡಿ ಕೂಗಿದವನೂ ಒಬ್ಬ ಜೂನಿಯರ್ರೇ. ನಮ್ಮ ಮಾಡೆಲ್‌ನಲ್ಲಿ ಝಿಂಕ್ ಇರಲೇ ಇಲ್ಲ.

ಮೇಡಂ ಮಾತ್ರ ಅದಕ್ಕೂ ಒಪ್ಪಲಿಲ್ಲ. ಅದೇ ಹೆಲಿಕ್ಸ್ ಹುಡುಕಿ, ಅಳಿಸಿ, ರಿಫೈನ್‌ಗೆ ಹಾಕಿದರು. ನಾನು ಉಗುರು ಕಚ್ಚುತ್ತಾ ನಿಂತೆ. ಮ್ಯಾಪ್ ತೆರೆದಾಗ ಹಸಿರು ಸುರುಳಿ ಪೂರ್ತಿ ವಾಪಸ್ ಬಂದಿತ್ತು, ಟ್ರಿಪ್ಟೊಫಾನ್‌ನ ಉಬ್ಬಿನ ಸಮೇತ. ಅವರು ಕುರ್ಚಿ ಬಿಟ್ಟು ಎದ್ದು ಮೌಸ್ ನನ್ನ ಕಡೆ ತಳ್ಳಿದರು. "ತಗೋ, ಈಗ ಕಟ್ಟು" ಅಂದರು.