ದೂರನ್ನು ಮನುಷ್ಯ ಸ್ವಭಾವದ ಮೇಲೆ ಹೊರಿಸುವ ಮುನ್ನ

ಮಾನ್ಯರೇ,

ಕ್ರೌರ್ಯದ ಸುದ್ದಿಯೊಂದು ಅಚ್ಚಾದ ಮರುದಿನ ಓದುಗರ ಅಂಕಣದಲ್ಲಿ ‘ಮನುಷ್ಯ ಜಾತಿಯೇ ಇಷ್ಟು, ಇದು ಉದ್ಧಾರವಾಗುವುದಿಲ್ಲ’ ಎಂಬ ಧಾಟಿಯ ಪತ್ರಗಳು ಬರುತ್ತಿವೆ. ನನ್ನ ಹಳೆಯ ವಿದ್ಯಾರ್ಥಿಗಳ ಬಾಯಲ್ಲೂ ಈಗ ಇದೇ ಮಾತು. ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಸುತ್ತಮುತ್ತ ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದನ್ನು ಒಪ್ಪಲಾಗುವುದಿಲ್ಲ. ಹಾಗೆಂದು, ಎಲ್ಲವೂ ತಾನಾಗಿ ಸರಿಹೋಗುತ್ತದೆ ಎನ್ನುವವರ ಜೊತೆಗೂ ನಾನು ನಿಲ್ಲಲಾರೆ.

ಶಾಲೆಯ ಎದುರಿನ ಗುಡ್ಡೆಯ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ದಿನಗಳಲ್ಲಿ ಮಕ್ಕಳು ಅಂಗಳಕ್ಕೆ ಓಡಿ ಕೈಬೀಸುತ್ತಿದ್ದರು. ಅದರಿಂದ ತೊಂದರೆಯಿಲ್ಲವೆಂಬ ಮಾತನ್ನು ನಂಬಿದ್ದ ನಾನು ಅವರನ್ನು ತಡೆಯಲಿಲ್ಲ. ಆ ನೋವು ಇಂದಿಗೂ ಇದೆ. ಅರುವತ್ತು ದಾಟಿದ ತಾಯಿಯೊಬ್ಬರು ಮೂವತ್ತು ತುಂಬಿದ ಮಗನನ್ನು ಎತ್ತಿಕೊಂಡು ಜಗಲಿಗೆ ತಂದು, ಅವನ ತಲೆ ವಾಲದಂತೆ ತನ್ನ ಭುಜಕ್ಕೆ ಒರಗಿಸಿ, ಗಂಜಿಯನ್ನು ಚಮಚ ಚಮಚವಾಗಿ ಉಣಿಸುವುದನ್ನು ನಾನು ಈಗಲೂ ನೋಡುತ್ತೇನೆ. ಆ ಜಗಲಿಯಲ್ಲಿ ಕುಳಿತು ಭರವಸೆಯ ಮಾತಾಡಲು ನಾಲಿಗೆ ಏಳುವುದಿಲ್ಲ. ಆದರೆ ಒಂದೇ ಬಗೆಯ ಕಾಯಿಲೆಗಳು ಮನೆಮನೆಯಲ್ಲಿ ಕಾಣಿಸಿಕೊಳ್ಳುವುದನ್ನು ಗುರುತಿಸಿ ಲೋಕಕ್ಕೆ ತಿಳಿಸಿದ ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ಇದೇ ಊರಿನವರು. ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದುಕೊಂಡೇ 1998ರಲ್ಲಿ ಕೋರ್ಟಿನ ಮೆಟ್ಟಿಲೇರಿದ ಲೀಲಾಕುಮಾರಿ ಅಮ್ಮ ಇದೇ ಜಿಲ್ಲೆಯಲ್ಲಿ ನೆಲೆಸಿದವರು. 2000ದ ಕೊನೆಗೆ ಸಿಂಪಡಣೆ ನಿಂತಿತು. 2011ರಲ್ಲಿ ವಿಷಕಾರಿ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಆ ವಿಷವನ್ನು ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿಸಿದವು. ಅಷ್ಟಾಗಿಯೂ, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದ ಮೇಲೆ, ಅದು ಜಾರಿಯಾಗದ್ದಕ್ಕೆ 2022ರಲ್ಲಿ ಅದೇ ಕೋರ್ಟು ಕೇರಳ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ತಾನಾಗಿ ಸರಿಹೋಗುತ್ತದೆ ಎಂದು ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ಆ ಐದು ವರ್ಷಗಳೇ ಸಾಕ್ಷಿ.

2020ರ ಮಾರ್ಚಿನಲ್ಲಿ ಕೊರೊನಾ ಹರಡೀತೆಂದು ಕೇರಳ-ಕರ್ನಾಟಕದ ನಡುವಣ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ದಾರಿ ಕಾಣದೆ ಸತ್ತರು. ಗಡಿಯಾಚೆ ಇದ್ದವರು ನಮ್ಮ ನೆಂಟರೇ, ನಮ್ಮದೇ ತುಳು, ಕನ್ನಡ ಆಡುವವರೇ. ರಾತ್ರೋರಾತ್ರಿ ಅವರ ಸ್ವಭಾವ ಕೆಟ್ಟಿತೆಂದು ಹೇಳಿದರೆ ಯಾರೂ ನಂಬಲಾರರು. ಕೆಟ್ಟದ್ದು ವ್ಯವಸ್ಥೆ, ಅದನ್ನು ನಡೆಸಿದ್ದು ಹೆದರಿಕೆ. ಹೆದರಿಕೆ ಇದ್ದಾಗಲೂ ವ್ಯವಸ್ಥೆ ಗಟ್ಟಿಯಾಗಿದ್ದರೆ ಕೆಲಸ ನಡೆಯುತ್ತದೆ ಎಂಬುದನ್ನೂ ಲೋಕ ಕಂಡಿದೆ: ಒಬ್ಬರನ್ನೊಬ್ಬರು ಅಣುಬಾಂಬಿನಿಂದ ಬೆದರಿಸುತ್ತಿದ್ದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳೆರಡೂ ಸಿಡುಬಿನ ವಿರುದ್ಧ ಒಂದೇ ಅಭಿಯಾನಕ್ಕೆ ಕೈಜೋಡಿಸಿದವು, 1980ರಲ್ಲಿ ಆ ರೋಗ ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ನನ್ನ ತೋಳಿನಲ್ಲಿರುವ ದಾಕು ಹಾಕಿದ ಕಲೆ ಏನೆಂದು ನನ್ನ ಮೊಮ್ಮಗಳಿಗೆ ವಿವರಿಸಿ ಹೇಳಬೇಕಾಯಿತು.

ನಮ್ಮ ತೋಡುಗಳ, ಅಂದರೆ ಸಣ್ಣ ಹಳ್ಳಗಳ, ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡಾದ ಕಟ್ಟದ ವಿಷಯದಲ್ಲೂ ಇದೇ ತಪ್ಪು ನಡೆಯುತ್ತಿದೆ. ಮಳೆ ಹಿಂದೆ ಸರಿದ ಮೇಲೆ ಅಡಿಕೆ ತೋಟದವರೆಲ್ಲ ಸೇರಿ ಕಲ್ಲು, ಮಣ್ಣು, ಮರದ ಕಾಂಡಗಳಿಂದ ತೋಡಿಗೆ ಕಟ್ಟ ಕಟ್ಟುತ್ತಿದ್ದರು. ಮಳೆಗಾಲ ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಮರುವರ್ಷ ಮತ್ತೆ ಕಟ್ಟುತ್ತಿದ್ದರು. ಮಾತು ಬಿಟ್ಟ ದಾಯಾದಿಗಳೂ ಆ ದಿನ ಒಂದೇ ಸಾಲಿನಲ್ಲಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದ್ದನ್ನು ನಾನು ಕಂಡಿದ್ದೇನೆ. ಏತಡ್ಕದಂಥ ಕಡೆ ಈ ರೂಢಿಗೆ ಹೆಸರಿದೆ. ನಮ್ಮ ತೋಡಿನಲ್ಲಿ ಈಗ ಕಟ್ಟ ಇಲ್ಲ. ‘ಜನ ಮೊದಲಿನಂತಿಲ್ಲ, ಎಲ್ಲರೂ ಸ್ವಾರ್ಥಿಗಳಾದರು’ ಎಂದು ಊರವರು ಹೇಳುತ್ತಾರೆ. ವಿಚಾರಿಸಿ ನೋಡಿದರೆ ಕಾರಣಗಳು ಬೇರೆ: ಕೂಲಿ ಏರಿದೆ, ಮನೆಗೊಂದು ಬೋರ್‌ವೆಲ್ ಬಂದಿದೆ, ಕಲ್ಲು ಹೊರಬಲ್ಲ ಪ್ರಾಯದವರು ಗಲ್ಫಿನಲ್ಲಿದ್ದಾರೆ. ಸ್ವಾರ್ಥಕ್ಕೆ ಮದ್ದಿಲ್ಲವೆಂದು ಕೈಚೆಲ್ಲಬಹುದು, ಕೂಲಿಯ ಪ್ರಶ್ನೆಗೆ ಹಾಗೆ ಕೈಚೆಲ್ಲಲಾಗದು. ಆದ್ದರಿಂದ ಬರುವ ಡಿಸೆಂಬರಿನೊಳಗೆ ಹಳೆಯ ಕಟ್ಟಗಳ ಜಾಗಗಳನ್ನು ಗುರುತಿಸಿ, ಕೂಲಿಯ ಒಂದು ಪಾಲನ್ನಾದರೂ ಭರಿಸಲು ನಮ್ಮ ಪಂಚಾಯತುಗಳು ಮುಂದಾಗಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ನಿವೃತ್ತ ಅಧ್ಯಾಪಕ,
ಪೆರ್ಲ, ಕಾಸರಗೋಡು ಜಿಲ್ಲೆ