ರ‍್ಯಾಕಿನ ಬಾಗಿಲು ಮುಚ್ಚಿ ನೋಡು

ಉಡುಪಿ, ಆಷಾಢದ ಮಳೆ ಮಧ್ಯಾಹ್ನ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಮೊನ್ನೆ ರಾತ್ರಿ ಎರಡು ಗಂಟೆಗೆ ನೀನು ಮಂಗಳೂರಿನ ಟೆಲಿಕಾಂ ಸ್ಟೇಷನ್ನಿನಿಂದ, ಫೈಬರ್ (ಬೆಳಕಿನ ನಾರು) ಲಿಂಕ್ ಬಿತ್ತೆಂದು ಫೋನ್ ಮಾಡಿದಾಗ ನಿದ್ದೆಗಣ್ಣಿನಲ್ಲಿ ಗದರಿಬಿಟ್ಟೆ. ಪರದೆಯ ತುಂಬ ಕೆಂಪು, ನಲವತ್ತು ಅಲಾರಂ ಎಂದೆಯಲ್ಲ, ಅದಕ್ಕಲ್ಲ. ಏನನ್ನೂ ಬರೆದಿಟ್ಟುಕೊಳ್ಳದೆ ಲಿಂಕಿನ ಉಪಕರಣದ ಕಾರ್ಡನ್ನು ರೀಸೆಟ್ ಮಾಡಿದ್ದಕ್ಕೆ. ಹದಿನೈದು ನಿಮಿಷದ, ಇಪ್ಪತ್ನಾಲ್ಕು ಗಂಟೆಯ ಎರರ್ ಲೆಕ್ಕ ಅದರಲ್ಲಿತ್ತು. ದೋಷ ದಿನದಿಂದ ದಿನಕ್ಕೆ ಬೆಳೆದು ಬಂದದ್ದೋ, ಒಂದೇ ಕ್ಷಣದಲ್ಲಿ ಬಿದ್ದದ್ದೋ ಎಂದು ಅದೊಂದೇ ಹೇಳುತ್ತಿತ್ತು. ನೀನು ಅದನ್ನೇ ಒರೆಸಿ ಹಾಕಿದೆ.

ನಲವತ್ತು ಅಲಾರಂ ಎಂದರೆ ನಲವತ್ತು ದೋಷವಲ್ಲ, ಮಾರಾಯ. ಬೆಳಕು ಬಾರದ ಕಡೆ ‘ಸಿಗ್ನಲ್ ಇಲ್ಲ’ ಎನ್ನುವ ಎಲ್‌ಒಎಸ್ ಏಳುತ್ತದೆ. ಆ ಉಪಕರಣ ಮುಂದಿನವರಿಗೆ ಎಐಎಸ್ ಕಳಿಸುತ್ತದೆ: ನನ್ನ ಹಿಂದೆಯೇ ಕೆಟ್ಟಿದೆ, ನೀವು ತಡಕಾಡಬೇಡಿ ಎಂದು. ಎದುರು ತುದಿಗೆ ಆರ್‌ಡಿಐ ಕಳಿಸುತ್ತದೆ: ನಿನ್ನದು ನನಗೆ ಸರಿಯಾಗಿ ತಲುಪುತ್ತಿಲ್ಲ ಎಂದು. ನಿನ್ನಲ್ಲಿ ಬರೀ ಆರ್‌ಡಿಐ ಇದ್ದರೆ ನಿನಗೆ ಬರುವ ದಾರಿ ಚೆನ್ನಾಗಿಯೇ ಇದೆ, ಹೋಗುವ ದಾರಿಯನ್ನು ನೋಡಬೇಕು. ಎಷ್ಟೋ ಜನ ಆರ್‌ಡಿಐ ಕಂಡ ಕೂಡಲೇ ತಮ್ಮ ರಿಸೀವ್ ಕನೆಕ್ಟರನ್ನೇ ಕಿತ್ತು, ನೆಟ್ಟಗಿದ್ದ ಅರ್ಧವನ್ನೂ ಕೆಡಿಸುತ್ತಾರೆ. ಮೊದಲು ಬಂದ ಅಲಾರಂ ಯಾವುದೆಂದು ಸಮಯ ನೋಡಿ ತೀರ್ಮಾನಿಸುವುದೂ ಅಪಾಯವೇ. ಎರಡು ಸ್ಟೇಷನ್ನಿನ ಗಡಿಯಾರ ಒಂದೇ ಇದೆ ಎಂದು ನಿನಗೆ ಯಾರು ಹೇಳಿದರು?

ನನ್ನ ಪೆದ್ದುತನವನ್ನೂ ಕೇಳು. ಕುಂದಾಪುರದ ಕಡೆ ದೊಡ್ಡ ಸಾಮರ್ಥ್ಯದ ಒಂದು ಎಸ್‌ಟಿಎಂ-16 ಲಿಂಕ್ ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು. ಹೋಗಿ ಪವರ್ ಮೀಟರ್ ಇಟ್ಟರೆ ಮೈನಸ್ 19 ಡಿಬಿಎಂ (ಬೆಳಕಿನ ಬಲದ ಅಳತೆ; ಮೈನಸ್ ಅಂಕೆ ದೊಡ್ಡದಾದಷ್ಟೂ ಬೆಳಕು ಕಡಿಮೆ). ಆ ಕಾರ್ಡಿಗೆ ಮೈನಸ್ 28ರವರೆಗೆ ಸಾಕು. ಬೆಳಕು ಬೇಕಾದಷ್ಟಿದೆ, ಹಾಗಾದರೆ ಕಾರ್ಡೇ ಕೆಟ್ಟಿದೆ ಎಂದು ಬದಲಾಯಿಸಿದೆ. ಮನೆ ಮುಟ್ಟುವಷ್ಟರಲ್ಲಿ ಮತ್ತೆ ಬಿತ್ತು. ಇನ್ನೊಂದು ಕಾರ್ಡ್ ಹಾಕಿದರೂ ಅದೇ ಕಥೆ. ಮೂರನೆಯ ದಿನ ಅಲ್ಲಿನ ಕಾವಲುಗಾರ, ‘ಸಾರ್, ನೀವು ರ‍್ಯಾಕಿನ ಬಾಗಿಲು ತೆಗೆದಾಗ ಸರಿಯಾಗುತ್ತದೆ, ಹಾಕಿ ಹೋದರೆ ಹಾಳಾಗುತ್ತದೆ’ ಎಂದ. ಬಗ್ಗಿ ನೋಡಿದೆ. ಕಾರ್ಡಿಗೆ ಬೆಳಕು ತರುವ ಹಳದಿ ಪ್ಯಾಚ್ ಕೇಬಲ್ ರ‍್ಯಾಕಿನ ಕೀಲಿನ ಸಂದಿಯಲ್ಲಿ ಸಿಕ್ಕಿಕೊಂಡು, ಸಿಪ್ಪೆ ಒಂದು ಕಡೆ ಬೆಳ್ಳಗಾಗಿತ್ತು. ಬಾಗಿಲು ಹಾಕಿದರೆ ಮಡಚುತ್ತಿತ್ತು. ಎಚ್ಚರಿಕೆಯಿಂದ ಮುಚ್ಚಿ ಕಾರ್ಡಿನ ರೀಡಿಂಗ್ ತೆಗೆದರೆ ಮೈನಸ್ 30. ಬಾಗಿಲು ತೆಗೆಯದೆ ನಾನು ಒಮ್ಮೆಯೂ ಅಳೆದಿರಲಿಲ್ಲ! ಅದೂ 1550 ನ್ಯಾನೊಮೀಟರ್ ತರಂಗಾಂತರದ ಬೆಳಕು. ಬಳುಕಿದ ಕಡೆ 1310ರದ್ದಕ್ಕಿಂತ ಹೆಚ್ಚು ಸೋರುತ್ತದೆ.

ನೆಲದಡಿಯ ಕೇಬಲ್ಲೇ ತುಂಡಾಗಿದ್ದರೆ, ತುಂಡಾದ ಜಾಗದ ದೂರ ಅಳೆಯುವ ಒಟಿಡಿಆರ್ ಹಾಕುತ್ತೀಯಲ್ಲ, ಅದು ತೋರಿಸುವುದು ನಾರಿನ ಉದ್ದ, ರಸ್ತೆಯ ಉದ್ದವಲ್ಲ. ಜಾಯಿಂಟ್ ಗುಂಡಿಗಳಲ್ಲಿ ಸುರುಳಿ ಸುತ್ತಿಟ್ಟದ್ದೂ ಲೆಕ್ಕಕ್ಕೆ ಬರುತ್ತದೆ. ಹನ್ನೊಂದು ಕಿಲೋಮೀಟರ್ ಎಂದು ಹೆದ್ದಾರಿಯ ಕಲ್ಲು ಎಣಿಸಿ ಅಗೆಸಬೇಡ. ಮೊದಲು ಆ ದಾರಿಯಲ್ಲಿ ಇವತ್ತು ಜೆಸಿಬಿ ಎಲ್ಲಿ ನಿಂತಿದೆ ಎಂದು ವಿಚಾರಿಸು.

ಪರೀಕ್ಷೆಗೆಂದು ಕಾರ್ಡಿನ ಬೆಳಕನ್ನು ಅದಕ್ಕೇ ತಿರುಗಿಸಿ ಲೂಪ್ ಹಾಕುವಾಗ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಮರೆಯಬೇಡ, ದೂರದ ಲಿಂಕಿನ ಲೇಸರ್ ರಿಸೀವರನ್ನು ಸುಟ್ಟುಬಿಡಬಹುದು. ಕನೆಕ್ಟರ್ ಕಳಚಿದಾಗಲೆಲ್ಲ ಎರಡೂ ತುದಿ ಒರೆಸು. ತುದಿಯನ್ನು ಕಣ್ಣಿಗೆ ಹಿಡಿದು ನೋಡುವ ಚಟ ನಿನಗಿದೆ ಎಂದು ನಿನ್ನಮ್ಮ ಹೇಳಿದಳು. ಬಿಟ್ಟುಬಿಡು. ಆ ಬೆಳಕು ಕಾಣಿಸುವುದಿಲ್ಲ, ಕಣ್ಣನ್ನು ಮಾತ್ರ ತಿನ್ನುತ್ತದೆ.

ವಿಟ್ಲಪಿಂಡಿಗೆ ರಜೆ ಸಿಕ್ಕರೆ ಬಾ. ಬರುವಾಗ ನಿನ್ನ ಲಿಂಕ್‌ಗಳು ಸರಿಯಿದ್ದ ದಿನದ ಪವರ್ ರೀಡಿಂಗ್‌ಗಳನ್ನು ಒಂದು ಕಾಗದದಲ್ಲಿ ಬರೆದು ತಾ. ಇಲ್ಲ ಎಂದರೆ ಅತ್ತೆಯ ಪತ್ರೊಡೆ ನಿನಗಿಲ್ಲ.

ನಿನ್ನ ಮಾವ