ಅಗಲಿದವರ ಪಟ್ಟಿ ಬರೆಯುವ ಮಗಳಿಗೆ

ಪೆರ್ಲ, ಕಾಸರಗೋಡು ಜಿಲ್ಲೆ
ಡಿಸೆಂಬರ್ 2023

ಪ್ರೀತಿಯ ಮಗಳೇ,

ಕಾಲೇಜಿನ ಕೈಬರಹದ ಪತ್ರಿಕೆಗೆಂದು ನೀನು ಮಾಡಿದ ‘ಈ ವರ್ಷ ಅಗಲಿದವರು’ ಪಟ್ಟಿ ಓದಿದೆ. ಅಕ್ಷರ ಮುದ್ದಾಗಿದೆ. ಆದರೆ ಸಿನಿಮಾದವರು ಜಾಸ್ತಿ ಆದರು. ಅದೂ ಎಲ್ಲರಿಗೂ ಒಂದೇ ಮಾತು: ಮಹಾನ್ ಚೇತನ, ತುಂಬಲಾರದ ನಷ್ಟ. ಹೆಸರು ಅದಲು ಬದಲು ಮಾಡಿದರೂ ಯಾರಿಗೂ ಗೊತ್ತಾಗದು, ಅಲ್ವಾ? ಹೊಗಳಿಕೆ ಬಿಡು. ಅವರು ಮಾಡಿದ ಕೆಲಸ ಬರೆ.

ಫೆಬ್ರವರಿ 16 ನಿನ್ನ ಪಟ್ಟಿಯಲ್ಲೇ ಇಲ್ಲ. ಅವತ್ತು ಯಕ್ಷಗಾನದ ಹಾಡುಗಾರ ಬಲಿಪ ನಾರಾಯಣ ಭಾಗವತರು ತೀರಿಕೊಂಡರು. ಇಲ್ಲೇ ನಮ್ಮ ಪಡ್ರೆಯಲ್ಲಿ ಹುಟ್ಟಿದವರು. ಅಜ್ಜನ ಹೆಸರೂ ಅದೇ, ಅವರೂ ಭಾಗವತರೇ. ಮೊಮ್ಮಗ ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದರು. ಐದು ದಿನ ಆಡುವ ದೇವಿಮಹಾತ್ಮೆ ಪ್ರಸಂಗ ಬರೆದವರೂ ಅವರೇ. ಆ ಏರು ಶ್ರುತಿಯನ್ನು ಕಾಗದದಲ್ಲಿ ವಿವರಿಸಲು ಆಗದು. ರೆಕಾರ್ಡಿಂಗ್ ಸಿಗುತ್ತದೆ. ಒಂದು ಪದ್ಯ ಪೂರ್ತಿ ಕೇಳು, ಆಮೇಲೆ ಬರೆ.

ಅದೇ ದಿನ ಕೋಲ್ಕತ್ತದಲ್ಲಿ ಫುಟ್‌ಬಾಲ್ ಆಟಗಾರ ತುಳಸೀದಾಸ್ ಬಲರಾಮ್ ಹೋದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೇರಿ ಮೇಲೂ ಪೆರು ಮೇಲೂ ಗೋಲು ಹೊಡೆದವರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದವರು. ಏಳೇಳು ಜನ ಆಡುವ ಸೆವೆನ್ಸ್ ಫುಟ್‌ಬಾಲ್ ನೋಡಲು ತೃಕ್ಕರಿಪುರದವರೆಗೂ ಓಡುವ ನಿನ್ನ ಅಣ್ಣನಿಗೂ ಈ ಹೆಸರು ಗೊತ್ತಿಲ್ಲ! ಬಿಷನ್ ಸಿಂಗ್ ಬೇಡಿಯವರನ್ನು ಬರೆದಿದ್ದೀಯ, ಸರಿ. 67 ಟೆಸ್ಟ್, 266 ವಿಕೆಟ್. ನಮ್ಮ ಪ್ರಸನ್ನ, ಚಂದ್ರಶೇಖರ್ ಜೊತೆ ಆಡಿದವರು ಅಂತ ಸೇರಿಸು.

ಕೃಷಿ ವಿಜ್ಞಾನಿ ಎಂ. ಎಸ್. ಸ್ವಾಮಿನಾಥನ್ ವಿಷಯದಲ್ಲಿ ಮಾತ್ರ ಅವಸರ ಬೇಡ. ‘ಹಸಿರು ಕ್ರಾಂತಿಯ ಪಿತಾಮಹ’ ಅಂತ ಸುಮ್ನೆ ಮುಗಿಸಿಬಿಟ್ಟಿದ್ದೀಯ. ಹಿಂದಿನ ಎತ್ತರದ ಗೋಧಿಗೆ ಗೊಬ್ಬರ ಜಾಸ್ತಿ ಹಾಕಿದರೆ ತೆನೆಯ ಭಾರಕ್ಕೆ ಮಲಗಿಬಿಡುತ್ತಿತ್ತು. ಮೆಕ್ಸಿಕೋದಿಂದ ಬಂದ ಗಿಡ್ಡ ತಳಿ ನೆಟ್ಟಗೆ ನಿಂತಿತು. ಅದನ್ನು ನಮ್ಮ ಹೊಲಗಳಿಗೆ ಹೊಂದಿಸಿದವರಲ್ಲಿ ಇವರು ಮುಂಚೂಣಿಯವರು. ಇಷ್ಟು ಎಲ್ಲರೂ ಬರೆಯುತ್ತಾರೆ. ಆದರೆ 1968ರಲ್ಲೇ, ಎಲ್ಲರೂ ಇಳುವರಿ ನೋಡಿ ಹಿಗ್ಗುತ್ತಿದ್ದಾಗ, ಅವರು ಎಚ್ಚರಿಸಿದ್ದರು. ಮಣ್ಣು ಕಾಪಾಡದೆ ಬೆಳೆದರೆ ನೆಲ ಮರುಭೂಮಿ ಆಗುತ್ತದೆ, ಸಿಕ್ಕಾಪಟ್ಟೆ ಕೀಟನಾಶಕ ಹೊಡೆದರೆ ಕಾಳಿನಲ್ಲಿ ವಿಷ ಉಳಿದು ಕಾಯಿಲೆ ಹೆಚ್ಚುತ್ತದೆ ಎಂದಿದ್ದರು. ನಮ್ಮ ಎಣ್ಮಕಜೆ ಪಂಚಾಯತಿನ ಹುಡುಗಿ ನೀನು, ಇದನ್ನು ಬಿಟ್ಟು ಬರೆದರೆ ಹೇಗೆ? ಭಾಗವತರು ಹುಟ್ಟಿದ ಅದೇ ಪಡ್ರೆಯಲ್ಲಿ, ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು ಊರವರ ಆರೋಗ್ಯ ಏನಾಯಿತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ.

ಸಿನಿಮಾದವರನ್ನು ತೆಗೆ ಅಂತಲ್ಲ. ಲೀಲಾವತಿಯವರು ಸೋಲದೇವನಹಳ್ಳಿಯಲ್ಲಿ ಆಸ್ಪತ್ರೆ ಕಟ್ಟಿಸಿದ್ದನ್ನು ಹಾಕು. ನಿರ್ದೇಶಕ ಕೆ. ವಿಶ್ವನಾಥ್ ಫೆಬ್ರವರಿ 2ರಂದು ಹೋದರು, ಗಾಯಕಿ ವಾಣಿ ಜಯರಾಂ 4ರಂದು. ವಿಶ್ವನಾಥರ ‘ಶಂಕರಾಭರಣಂ’ನಲ್ಲಿ ಹಾಡಿದ್ದಕ್ಕೂ ವಾಣಿಯವರಿಗೆ ಒಂದು ರಾಷ್ಟ್ರಪ್ರಶಸ್ತಿ ಬಂದಿತ್ತು. ಅವರಿಬ್ಬರನ್ನು ಒಟ್ಟಿಗೆ ಬರೆ. ನಿನ್ನ ಮಲಯಾಳಂ ಗೆಳತಿಯರೂ ಪತ್ರಿಕೆ ನೋಡುತ್ತಾರಲ್ಲ, ನಟ ಇನ್ನೊಸೆಂಟ್ ಹೆಸರೂ ಇರಲಿ. ನಗಿಸುತ್ತಲೇ ಚಾಲಕ್ಕುಡಿಯ ಸಂಸದರೂ ಆದವರು.

ಯಾರು ದೊಡ್ಡವರು ಅಂತ ಮೇಲೆ ಕೆಳಗೆ ಮಾಡಬೇಡ, ತಾರೀಖಿನ ಪ್ರಕಾರ ಹಾಕು. ವಾಟ್ಸ್ಆ್ಯಪ್ ನಂಬಿ ಬದುಕಿರುವವರನ್ನು ಸಾಯಿಸಬೇಡ. ಲೈಬ್ರರಿಯಲ್ಲಿ ಹಳೇ ಪೇಪರ್ ಕಟ್ಟಿಟ್ಟಿರುತ್ತಾರೆ, ಒಂದೊಂದು ತಾರೀಖನ್ನೂ ಅಲ್ಲಿ ನೋಡಿಕೋ.

ಇತಿ,
ನಿನ್ನ ದೊಡ್ಡಪ್ಪ